ಅಪ್ಪನ ಕೋಣೆಯ ನಿಧಾನ ವೈಫೈ

ಕೀಲುಂಗ್, ಕಾಲುವೆ ಬೀದಿ
ಏಳನೆಯ ತಿಂಗಳು, ಪ್ರೇತಗಳ ಬಾಗಿಲು ಮುಚ್ಚುವ ಹಿಂದಿನ ದಿನ, ಮಧ್ಯಾಹ್ನ

ಮಹಾಸಭೆಯ ಅಧ್ಯಕ್ಷರೇ, ಇಹದವರೇ, ಪರದವರೇ, ಈ ತಿಂಗಳ ಮಟ್ಟಿಗೆ ಪರದಿಂದ ಇಹಕ್ಕೆ ರಜೆಯ ಮೇಲೆ ಬಂದವರೇ, ಗೋಡೆಯ ಮೇಲಿನ ಹಲ್ಲಿಗಳೇ, ಮತ್ತು ಇವರೆಲ್ಲರ ಹಿಂದೆ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿರುವ ನನ್ನ ಪ್ರೀತಿಯ ತಮ್ಮಾ ಆ-ಕಾಯ್,

ಈ ದಿನದ ಉಪನ್ಯಾಸದ ವಿಷಯ: ಅಪ್ಪನ ಕೋಣೆಯಲ್ಲಿ ನೀನು ಕೂರಿಸಿ ಹೋದ ಆ ಅಂಗೈಯಗಲದ ಕಂಪ್ಯೂಟರಿಗೆ ವೈಫೈ ಯಾಕೆ ಆಮೆಯ ಹಾಗೆ ತೆವಳಿಕೊಂಡು ಬರುತ್ತಿದೆ? ಉಪನ್ಯಾಸಕಿ: ಮೀನುಂಡೆ ಸಾರಿನ ಅಂಗಡಿಯ ಯು-ಶಿಯೋ, ನಿನ್ನ ಒಡಹುಟ್ಟಿದ ಅಕ್ಕ. ಅರ್ಹತೆ: ಏನೂ ಇಲ್ಲ.

ಮೊದಲು ಕ್ಷೇಮ ಸಮಾಚಾರ. ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲ ಈಗಲೂ ಕುರ್ಚಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಂತೆ ಮಡಚಿಕೊಂಡೇ ಕೂರುತ್ತೀಯಾ? ನಿದ್ದೆ ಬರುತ್ತದೆಯೇ? ಅಮ್ಮನ ಮಂಡಿ ಮೆಟ್ಟಿಲು ಹತ್ತುವಾಗ ಮಾತ್ರ ನೋಯುತ್ತದೆ, ಜಗಳಕ್ಕೆ ಹೋಗುವಾಗ ನೋಯುವುದಿಲ್ಲ. ನಾನು ಚೆನ್ನಾಗಿದ್ದೇನೆ. ಅಂಗಡಿಯ ಹಲಗೆಯ ಮೇಲೆ ಈಗಲೂ ದಿನಕ್ಕೊಂದು ಪ್ರಾಸ ಬರೆಯುತ್ತೇನೆ. ಇವತ್ತಿನದು: ‘ಉಂಡೆ ದೊಡ್ಡದು, ಮಾತು ಸಣ್ಣದು, ಸಾರು ಬಿಸಿಯದು, ಬೆಂಚು ತಣ್ಣಂದು.’ ಕೊನೆಯ ಸಾಲು ಹೊಂದಲಿಲ್ಲ ಎಂದು ನೀನಾಗಿದ್ದರೆ ಹೇಳುತ್ತಿದ್ದೆ. ಗಿರಾಕಿಗಳು ಹೇಳುವುದಿಲ್ಲ, ಅವರು ಉಂಡು ಹೋಗುತ್ತಾರೆ.

ಸಭೆಯಲ್ಲಿ ಹೊಸಬರೂ ಇರುವುದರಿಂದ ಹಿನ್ನೆಲೆ ಹೇಳಬೇಕು. ಅಪ್ಪ ಹಾಸಿಗೆ ಹಿಡಿದ ವರ್ಷ ನೀನೇ ಆ ಕಂಪ್ಯೂಟರ್ ಬೋರ್ಡನ್ನು ತಂದು, ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿ, ಮಂಚದ ಎದುರಿನ ಕಪಾಟಿನ ಮೇಲೆ ಇಟ್ಟೆ. ನಾವು ಕೆಳಗೆ ಅಂಗಡಿಯಲ್ಲಿ ಸಾರು ಬಡಿಸುತ್ತಲೇ ಮೇಲಿನ ಅಪ್ಪನನ್ನು ಫೋನಿನಲ್ಲಿ ನೋಡಿಕೊಳ್ಳುವಂತಾಗಲಿ ಎಂದು. ಅಪ್ಪ ಸುಮ್ಮನೆ ಒಪ್ಪುವ ಆಸಾಮಿಯೇ? ‘ಬಂದೋರೆಲ್ಲ ಇಣುಕಿ ನೋಡೋಕೆ ನಾನೇನು ತೊಟ್ಟಿ ಮೀನಾ? ಯಾವನು ನೋಡ್ತಿದಾನೆ ಅಂತ ನಂಗೂ ಗೊತ್ತಾಗ್ಬೇಕು’ ಎಂದರು. ಅದಕ್ಕೇ ನೀನು ಕ್ಯಾಮೆರಾ ಪಕ್ಕ ಒಂದು ಸಣ್ಣ ಕೆಂಪು ದೀಪ ಹಾಕಿದೆ. ಯಾರಾದರೂ ಎಲ್ಲಿಂದಲಾದರೂ ಚಿತ್ರ ತೆರೆದರೆ ಅದು ಹತ್ತುತ್ತದೆ, ಮುಚ್ಚಿದರೆ ಆರುತ್ತದೆ. ಆಮೇಲೆ ಅಂಗಡಿ ಯಾರು ನಡೆಸಬೇಕು ಅನ್ನುವ ಜಗಳ ಬಂತು. ‘ಮೀನು ವಾಸನೆ ಆಗ್ದವನು ಈ ಮನೆ ಅನ್ನ ತಿನ್ಬಾರ್ದು’ ಎಂದು ಅಪ್ಪ ಹೇಳಿದರು, ನೀನು ಅದನ್ನು ಅಕ್ಷರಶಃ ಪಾಲಿಸಿ ಮನೆ ಬಿಟ್ಟೆ. ಫೋನ್ ನಂಬರೂ ಬದಲಾಯಿತು. ಕಳೆದ ಚಳಿಗಾಲದಲ್ಲಿ ಅಪ್ಪ ಹೋದರು. ನಿನ್ನ ಹಳೆಯ ಗೆಳೆಯನ ಮೂಲಕ ಸುದ್ದಿ ಕಳಿಸಿದೆವು, ನೀನು ಬರಲಿಲ್ಲ. ಅದರ ಬಗ್ಗೆ ಈ ಕಾಗದದಲ್ಲಿ ಒಂದಕ್ಷರವೂ ಇಲ್ಲ. ಇದು ವೈಫೈ ಕುರಿತ ಉಪನ್ಯಾಸ.

ಅಪ್ಪ ಹೋದ ಮೇಲೂ ಕ್ಯಾಮೆರಾ ತೆಗೆಯಲಿಲ್ಲ. ಮಂಚ ಹಾಗೇ ಇದೆ, ಅದರ ಪಕ್ಕ ಅಪ್ಪನ ಫೋಟೋ, ಊದಿನಕಡ್ಡಿಯ ಬಟ್ಟಲು. ಈ ತಿಂಗಳು ಹುಟ್ಟಿದ ಮೇಲೆ ವೈಫೈ ಹದಗೆಟ್ಟಿತು. ಒಂದು ಸಂಜೆ ಮೇಲೆ ಹೋಗಿ ಊದಿನಕಡ್ಡಿ ಹಚ್ಚಿ ಕೆಳಗಿಳಿದು ಬಂದೆ, ಸಾರಿನ ಪಾತ್ರೆಯ ಮುಂದೆ ನಿಂತು ಫೋನ್ ತೆರೆದೆ. ಚಿತ್ರದಲ್ಲಿ ನಾನು ಇನ್ನೂ ಮೇಲೆಯೇ ಇದ್ದೆ. ಕ್ಯಾಮೆರಾಗೆ ಬೆನ್ನು ಹಾಕಿ, ಕಡ್ಡಿಯನ್ನು ಇನ್ನೂ ಹಚ್ಚದೆ, ಮಂಚದ ಕಡೆ ನೋಡುತ್ತ ನಿಂತಿದ್ದೆ. ಚಿತ್ರ ಹಿಂದೆ ಬಿದ್ದಿದೆ, ಇದು ಆಗಲೇ ಕಳೆದುಹೋದ ಗಳಿಗೆ ಎಂದು ಬುದ್ಧಿಗೆ ಗೊತ್ತು. ಆದರೂ, ಕೆಳಗೆ ನಿಂತಿರುವ ನಾನು ಮೇಲೆ ನಿಂತಿರುವವಳನ್ನು ‘ಸಾಕು, ಇಳಿದು ಬಾರೇ’ ಎಂದು ಒಳಗೊಳಗೇ ಕರೆದೆ. ಅವಳು ಅಲ್ಲಾಡಲಿಲ್ಲ. ಇನ್ನೊಮ್ಮೆ ಮಂಚದ ಮೇಲೆ ಅಮ್ಮ ಮಡಚಿಟ್ಟ ರಜಾಯಿಯ ಮೇಲೆ ಚಿತ್ರ ನಿಂತುಬಿಟ್ಟಿತು. ಚುಕ್ಕಿ ಚುಕ್ಕಿಯಾಗಿ ಒಡೆದ ಆ ಚಿತ್ರದಲ್ಲಿ ರಜಾಯಿಗೆ ಭುಜವಿತ್ತು. ಗಿರಾಕಿ ಎರಡು ಸಲ ಚಿಲ್ಲರೆ ಕೇಳಿದ್ದು ನನಗೆ ಕೇಳಿಸಲಿಲ್ಲ.

ಅದಕ್ಕಿಂತ ದೊಡ್ಡದು ದೀಪ. ನನ್ನ ಫೋನ್ ಜೇಬಿನಲ್ಲಿ ಮುಚ್ಚಿಕೊಂಡಿದೆ, ನೋಡುವವರು ಬೇರೆ ಯಾರೂ ಇಲ್ಲ, ಕತ್ತಲಾಗುವ ಹೊತ್ತಿಗೆ ಕೋಣೆಯಲ್ಲಿ ಕೆಂಪು ದೀಪ ತಾನೇ ಹತ್ತುತ್ತದೆ. ಮೊದಲು ಕಂಡದ್ದು ಅಮ್ಮನಿಗೆ. ಅವಳು ಕಿರುಚಲಿಲ್ಲ, ಓಡಲಿಲ್ಲ. ಮಂಚದ ತುದಿಯಲ್ಲಿ ಕೂತು, ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಂಡಂತೆ ಅಂಗಿಯ ಕತ್ತು ಸರಿಮಾಡಿಕೊಂಡು, ‘ಬಂದ್ರಾ? ಈಗ ನನ್ನ ನೋಡೋಕೆ ಪುರುಸೊತ್ತಾಯ್ತಾ?’ ಎಂದಳು. ಅವತ್ತಿನಿಂದ ದಿನಾ ಸಂಜೆ ದೀಪ ಹತ್ತುತ್ತದೆ, ಅಮ್ಮ ಅದರ ಎದುರು ಕೂರುತ್ತಾಳೆ. ಅಪ್ಪನಿಗೆ ನಲವತ್ತು ವರ್ಷ ಹೇಳದೆ ಉಳಿಸಿದ್ದನ್ನೆಲ್ಲ ಹೇಳುತ್ತಾಳೆ. ಮೊನ್ನೆ ಬಾಗಿಲ ಹಿಂದೆ ನಿಂತು ಕೇಳಿದೆ: ‘ಆ-ಕಾಯ್‌ನ ಓಡ್ಸಿದ್ದು ನೀವು. ಹುಡುಕ್ಕೊಂಡು ಬರೋದೂ ನಿಮ್ಮ ಕೆಲ್ಸಾನೇ. ಇದ್ದಾಗ ಮಂಡಿನೋವು ಅಂದ್ರಿ, ಈಗ ಅದೂ ಇಲ್ಲ. ಬಸ್ ಚಾರ್ಜೂ ಇಲ್ಲ. ಇನ್ನೇನ್ ಕಾರಣ ಹೇಳ್ತೀರಾ?’ ಕ್ಯಾಮೆರಾಗೆ ಮೈಕು ಇದೆಯೆಂದು ಅಮ್ಮನಿಗೆ ನೀನು ಹೇಳಿಕೊಟ್ಟಿರಲಿಲ್ಲ, ನಾನೂ ಹೇಳಲಿಲ್ಲ.

ನಿನಗೆ ಗೊತ್ತು, ನಾನು ದೆವ್ವಕ್ಕೆ ಹೆದರುವವಳಲ್ಲ, ವಿದ್ಯುತ್ ಬಿಲ್ಲಿಗೆ ಹೆದರುವವಳು. ಆದರೆ ಆ ಸಂಜೆಗಳಲ್ಲಿ ಮೆಟ್ಟಿಲು ಹತ್ತುವಾಗ ನನ್ನ ಕುತ್ತಿಗೆಯ ಹಿಂದೆ ಯಾರದೋ ನೋಟ ತಗುಲಿದ ಹಾಗಾಗುತ್ತಿತ್ತು. ಹಾಗಾಗಿ, ದೆವ್ವವೋ ದೋಷವೋ ತಿಳಿಯಲಿ ಎಂದು ಶುಯ್-ವಾಂಗ್ ಮಾಮನನ್ನು ಕರೆದೆ. ನೆನಪಿದೆಯಲ್ಲ, ಎದುರು ಮನೆಯವರು, ಹಡಗಿನಲ್ಲಿ ರೇಡಿಯೋ ನೋಡಿಕೊಳ್ಳುತ್ತಿದ್ದವರು. ‘ಹಿಂದೂ ಮಹಾಸಾಗರದ ನಡುವೆ ಬಿರುಗಾಳೀಲಿ ಸಿಗ್ನಲ್ ಹಿಡ್ದೋನು ನಾನು, ನಿಮ್ಮ ಮಲಗೋ ಕೋಣೇಲಿ ಹಿಡಿಯೋಕಾಗಲ್ವಾ?’ ಎಂದು ಎದೆ ಉಬ್ಬಿಸಿಕೊಂಡೇ ಬಂದರು. ಮೊದಲ ದಿನ ರೂಟರಿನ ಕಿವಿ ಹಿಂಡಿದರು, ಎರಡನೆಯ ದಿನ ಪೂರ್ವಕ್ಕೆ ತಿರುಗಿಸಿದರು, ಮೂರನೆಯ ದಿನ ಎರಡು ಬಟ್ಟಲು ಸಾರು ಕುಡಿದು ‘ಇದು ಕಂಪನಿಯವ್ರ ಮೋಸ’ ಎಂದು ತೀರ್ಪು ಕೊಟ್ಟರು.

ನಿಜವಾದ ಮೊದಲ ತಪ್ಪು ನಮ್ಮ ಮನೆಯದೇ. ಅಮ್ಮ ಈ ತಿಂಗಳು ಹುಟ್ಟುತ್ತಲೇ, ಊರೆಲ್ಲ ಮಾಡುವ ಹಾಗೆ, ಯಂತ್ರ ಹಟ ಮಾಡದೆ ಜಾಣತನದಿಂದ ಇರಲಿ ಎಂದು ಹೆಸರೇ ‘ಜಾಣನಾಗಿರು’ ಎಂದಿರುವ ಆ ಹಸಿರು ಪೊಟ್ಟಣದ ತಿಂಡಿಯನ್ನು ಬೋರ್ಡಿಗೆ ಒರಗಿಸಿ ನಿಲ್ಲಿಸಿದ್ದಳು. ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಯಂತ್ರಗಳ ತಲೆಯ ಮೇಲೆ ಅದೇ ಕೂತಿರುತ್ತದೆ, ಯಾರೂ ನಗುವುದಿಲ್ಲ. ಆದರೆ ಪೊಟ್ಟಣದ ಒಳಮೈ ಬೆಳ್ಳಿ ಹಾಳೆಯದು, ಬೋರ್ಡಿನ ಆಂಟೆನಾ ಇರುವುದು ಅದರ ಅಂಚಿನಲ್ಲೇ. ಜಾಣನಾಗಿರು ಎಂದು ಹೇಳಿ ಬಾಯಿಗೆ ಬಟ್ಟೆ ತುರುಕಿದ ಹಾಗಾಯಿತು. ಪೊಟ್ಟಣ ಎತ್ತಿ ಪಕ್ಕಕ್ಕಿಟ್ಟೆ, ವೇಗ ಒಂದಿಷ್ಟು ಏರಿತು. ಅಮ್ಮ ಮಾತ್ರ ‘ಬೆಳ್ಳಿ ಹಾಳೆ ಅಂತೆ ಬೆಳ್ಳಿ ಹಾಳೆ, ಅವಧಿ ಮುಗ್ದಿರೋ ಪೊಟ್ಟಣ ತಂದಿದ್ದೀಯ ನೀನು’ ಎಂದು ಮಾತು ಮುಗಿಸಿದಳು.

ಎರಡನೆಯದು, ನೀನು ಬೋರ್ಡಿಗೆ ಸಿಕ್ಕಿಸಿದ್ದ, ಕ್ಯಾಮೆರಾ ಕಂಡದ್ದೆಲ್ಲ ದಿನದಿನವೂ ರೆಕಾರ್ಡಾಗಿ ತುಂಬಿರುವ ಆ ಡಿಸ್ಕ್. ಅದರ ದಪ್ಪ ತಂತಿ ವೈಫೈ ಮಾತಾಡುವ ಶ್ರುತಿಯಲ್ಲೇ ಗುಯ್‌ಗುಡುತ್ತದೆ ಎಂದು ಎಲ್ಲೋ ಓದಿದೆ. ಉದ್ದನೆಯ ತಂತಿ ತಂದು ಡಿಸ್ಕನ್ನು ಮಂಚದ ಕೆಳಗೆ ದೂರ ತಳ್ಳಿದೆ. ಮೂರನೆಯದು, ಬೋರ್ಡಿನ ವೈಫೈ ವಿದ್ಯುತ್ ಉಳಿಸಲು ಆಗಾಗ ತೂಕಡಿಸುತ್ತಿತ್ತು. ತೂಕಡಿಸಬೇಡ ಎಂದು ಒಂದು ಸಾಲು ಬರೆದು ಹೇಳಿದೆ. ಪೊಟ್ಟಣ ತೆಗೆದಾಯಿತು, ತಂತಿ ಎಳೆದಾಯಿತು, ನಿದ್ದೆ ಬಿಡಿಸಿದ್ದಾಯಿತು. ಬೆಳಗ್ಗೆ ಅಳೆದರೆ ಓಡುವ ಕುದುರೆ. ಸಂಜೆ ಅಳೆದರೆ ಕುಂಟುವ ಕತ್ತೆ. ಕುಂಟುವುದು ದೀಪ ಹತ್ತಿದಾಗ ಮಾತ್ರ.

ಆಗ ನಾನು ಕೇಳಬೇಕಾದ್ದನ್ನು ಕೇಳಿದೆ. ನಿನ್ನೊಳಗೆ ಈಗ ಯಾರಿದ್ದಾರೆ ಎಂದು ಬೋರ್ಡನ್ನೇ ಕೇಳಿದೆ. ಒಬ್ಬರಿದ್ದರು. ಬಾಗಿಲು ಒಡೆದು ಬಂದವರಲ್ಲ, ಕೀಲಿ ತಿರುಗಿಸಿ ಬಂದವರು. ಆ ಕೀಲಿ, ಬೋರ್ಡನ್ನು ಕಟ್ಟಿದವನು ತನಗೆಂದು ಮಾಡಿಕೊಂಡದ್ದು. ಅದು ಇನ್ನೊಬ್ಬರ ಹತ್ತಿರ ಇರಲಿಲ್ಲ. ಮಂಚದ ಎದುರು ಅಮ್ಮ ಅಪ್ಪನನ್ನು ಬೈಯುತ್ತಿದ್ದಳು. ನಾನು ಮೆಟ್ಟಿಲ ಮೇಲೆ ಕೂತು, ಬೋರ್ಡು ಪರದೆಯ ಮೇಲೆ ಉತ್ತರವಾಗಿ ತೋರಿಸಿದ ಆ ಒಂದು ಸಾಲನ್ನೇ ನೋಡುತ್ತಿದ್ದೆ. ಕೋಣೆಯಲ್ಲಿದ್ದದ್ದು ಸತ್ತವರಲ್ಲ. ಅದು ತಿಳಿದ ಮೇಲೆ ಭಯ ಹೋಗಬೇಕಿತ್ತು, ಹೋಗಲಿಲ್ಲ.

ಬಂದವರು ಬರೀ ಇಣುಕಿ ಹೋಗುತ್ತಿರಲಿಲ್ಲ. ಡಿಸ್ಕಿನಿಂದ ಹಳೆಯ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಿದ್ದರು. ವೈಫೈ ಬಳಲುತ್ತಿದ್ದದ್ದು ಆ ಭಾರಕ್ಕೆ. ಮನೆಬಿಟ್ಟ ದಿನದಿಂದ ಶುರುಮಾಡಿ, ದಿನದ ಹಿಂದೆ ದಿನ, ಒಂದನ್ನೂ ಬಿಡದೆ. ಯಾರೋ ನಮ್ಮ ಅಪ್ಪನನ್ನು ಸಂಜೆ ಸಂಜೆ ಚೂರು ಚೂರೇ ಹೊತ್ತೊಯ್ಯುತ್ತಿದ್ದಾರೆ ಅನ್ನಿಸಿತು. ಅವರು ಒಯ್ದದ್ದನ್ನೇ ನಾನೂ ತೆರೆದು ನೋಡಿದೆ. ಅಪ್ಪ ಚಹಾ ಕುಡಿಯುತ್ತಾರೆ, ಕೆಮ್ಮುತ್ತಾರೆ, ಫ್ಯಾನನ್ನು ನೋಡುತ್ತಾರೆ, ಚಪ್ಪಲಿಯನ್ನು ಕಾಲ್ಬೆರಳಿನಿಂದ ಹುಡುಕುತ್ತಾರೆ. ಅಷ್ಟೇ. ಮಾಮನಿಗೆ ಅರ್ಧ ಮಾತ್ರ ಹೇಳಿದೆ. ‘ಕಳ್ಳ ಕಣಮ್ಮ, ಇವತ್ತೇ ಕೀಲಿ ಬದಲಾಯ್ಸು’ ಎಂದರು. ಆಮೇಲೆ ತಾವೇ ಯೋಚಿಸಿ, ‘ಆದ್ರೆ ಮುದುಕ ಕೆಮ್ಮೋದನ್ನ ಕದ್ದು ಯಾವನು ಏನ್ ಮಾಡ್ತಾನೆ?’ ಎಂದು ತಲೆ ಕೆರೆದುಕೊಂಡರು. ನಾನು ಕೀಲಿ ಬದಲಾಯಿಸಲಿಲ್ಲ. ಅಮ್ಮನಿಗೆ ಹೇಳಲಿಲ್ಲ.

ಈಗ ನಾಳೆಯ ವಿಷಯ. ನಾಳೆ ಬಾಗಿಲು ಮುಚ್ಚುವ ದಿನ, ಬಂದವರೆಲ್ಲ ಹಿಂತಿರುಗಬೇಕು. ಅಮ್ಮ ಪುರೋಹಿತರನ್ನು ಕರೆದಿದ್ದಾಳೆ. ಸತ್ತವರಿಗೆ ಸುಟ್ಟು ಕಳಿಸುವ ಕಾಗದದ ಸಾಮಾನು ಮಾಡುವವನ ಹತ್ತಿರ ಒಂದು ಕಾಗದದ ಕ್ಯಾಮೆರಾ, ಒಂದು ಕಾಗದದ ಫೋನ್ ಮಾಡಿಸಿದ್ದಾಳೆ. ‘ವೈಫೈ ಬೇಡ್ವಾ ಅಜ್ಜಿ?’ ಎಂದು ಅವನು ತಮಾಷೆಗೆ ಕೇಳಿದ್ದಕ್ಕೆ, ‘ಅದನ್ನೂ ಮಾಡು, ಜೋರಾಗಿರೋದು ಮಾಡು’ ಎಂದು ಅದನ್ನೂ ಮಾಡಿಸಿದಳು. ಅದನ್ನೆಲ್ಲ ಸುಟ್ಟು ಅಪ್ಪನಿಗೆ ಕಳಿಸಿದ ಮೇಲೆ ಇಲ್ಲಿನ ಕ್ಯಾಮೆರಾದ ತಂತಿ ಕೀಳಬೇಕಂತೆ, ಡಿಸ್ಕನ್ನೂ ಬೆಂಕಿಗೆ ಹಾಕಬೇಕಂತೆ. ‘ನಿಮ್ಮಪ್ಪ ಇಲ್ಲೇ ನೋಡ್ತಾ ನಿಂತ್ರೆ ದಾರಿ ತಪ್ತಾರೆ ಕಣೇ, ಅಲ್ಲೂ ಇಲ್ದೆ ಇಲ್ಲೂ ಇಲ್ದೆ ಆಗ್ತಾರೆ. ನಂಗೂ ಆಸೆ ಇದೆ, ದಿನಾ ಬರ್ಲಿ ಅಂತ. ನನ್ನಾಸೆಗೆ ಅವರನ್ನ ಕಟ್ಟಿಹಾಕ್ಲಾ?’ ಎಂದಳು. ಆದರೆ ತಂತಿ ಕಿತ್ತರೆ ಸಂಜೆ ಬರುವವರಿಗೆ ಈ ಮನೆಗೆ ಇರುವ ಒಂದೇ ದಾರಿ ಮುಚ್ಚುತ್ತದೆ. ಡಿಸ್ಕ್ ಸುಟ್ಟರೆ ಅವರಿಗೆ ಇನ್ನೂ ಸಿಗದಿರುವ ಅಪ್ಪ ಎಂದೆಂದಿಗೂ ಸಿಗುವುದಿಲ್ಲ.

ಆದ್ದರಿಂದ ಸಭೆಯಲ್ಲಿ ಬಲ್ಲವರು ಯಾರಾದರೂ ಇದ್ದರೆ, ಸಂಜೆ ಹೊತ್ತು ವೇಗ ಇಷ್ಟೊಂದು ಇಳಿಯಲು ಕಾರಣವೇನು, ಪರಿಹಾರವೇನು ಎಂದು ನಾಳೆಯೊಳಗೆ ತಿಳಿಸಬೇಕಾಗಿ ಕೋರಿಕೆ. ಮೈ ಕಾಪಾಡಿಕೋ. ಕುರ್ಚಿಯಲ್ಲಿ ನೆಟ್ಟಗೆ ಕೂರು. ಅಮ್ಮನ ಆಶೀರ್ವಾದ ಅವಳಿಗೇ ಗೊತ್ತಿಲ್ಲದೆ ದಿನಾ ಸಂಜೆ ನಿನಗೆ ತಲುಪುತ್ತಿದೆ, ಬೈಗುಳದ ರೂಪದಲ್ಲಿ. ನನ್ನದನ್ನು ಇದರಲ್ಲಿ ಇಟ್ಟಿದ್ದೇನೆ.

ನಿನ್ನ ಅಕ್ಕ,
ಯು-ಶಿಯೋ

ಮರೆತಿದ್ದು: ದೀಪ ಹತ್ತಿತು. ಅಮ್ಮ ಕೆಳಗೆ ಗಿರಾಕಿಗಳ ಜೊತೆ ಇದ್ದಾಳೆ. ನಿನ್ನ ವಿಳಾಸ ನನ್ನ ಹತ್ತಿರ ಇಲ್ಲ, ಈ ಹಾಳೆಗಳನ್ನು ಒಂದೊಂದಾಗಿ ಕ್ಯಾಮೆರಾದ ಎದುರು ಹಿಡಿಯುತ್ತೇನೆ. ಚಿತ್ರ ನಿಂತು ನಿಂತು ಬರುತ್ತದೆ, ಓದುವುದಕ್ಕೆ ಅದೇ ಒಳ್ಳೆಯದು. ನಾಳೆ ಪುರೋಹಿತರಿಗೆ ಒಂದರ ಮೇಲೊಂದು ಬಟ್ಟಲು ಸಾರು ಕೊಟ್ಟು ಕತ್ತಲಾಗುವವರೆಗೆ ತಡೆದಿಡುತ್ತೇನೆ, ಅಷ್ಟರೊಳಗೆ ಬಾ. ಸಭೆ ಗಿಭೆ ಏನೂ ಇಲ್ಲ ಕಣೋ, ನೀನೊಬ್ಬನೇ. ವೈಫೈಗೂ ಏನೂ ಆಗಿಲ್ಲ. ಪೊಟ್ಟಣ, ತಂತಿ, ನಿದ್ದೆ ಸರಿಮಾಡಿದ ಮೇಲೆ ನಿನ್ನ ಭಾರವನ್ನೂ ಅದು ಹೇಗೋ ಹೊರುತ್ತಿತ್ತು. ಅದನ್ನು ಆಮೆ ಮಾಡಿದ್ದು ನಾನು, ದಿನಾ ಸಂಜೆ ನಾನೇ ಅದರ ವೇಗಕ್ಕೆ ಕಡಿವಾಣ ಹಾಕುತ್ತಿದ್ದೇನೆ. ಯಾಕೆಂದರೆ ನಿನಗೆ ಇಳಿಸಿಕೊಳ್ಳಲು ಉಳಿದಿರುವುದು ಅಪ್ಪನ ಕೊನೆಯ ದಿನ ಒಂದೇ. ಅವತ್ತು ಅಂಗಡಿಯಿಂದ ನಾನು ಫೋನ್ ತೆರೆದೆ, ಮೇಲೆ ದೀಪ ಹತ್ತಿತು, ಅಪ್ಪ ಅದು ನೀನೇ ಅಂದುಕೊಂಡರು. ‘ಆ-ಕಾಯ್, ಊಟ ಆಯ್ತೇನೋ?’ ಎಂದು ಕೇಳುತ್ತಾರೆ. ಕೇಳಿ, ಉತ್ತರಕ್ಕೆ ಕಾಯುತ್ತಾರೆ. ತುಂಬ ಹೊತ್ತು ಕಾಯುತ್ತಾರೆ. ಅದನ್ನು ನೀನು ಯಾವುದೋ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ನೋಡುವುದು ನನಗೆ ಬೇಡ.