ಹೊಳೆ ದಾಟಿದ ಸಂಜೆ

ಮುಂಬಯಿ, ಪರೇಲ
ತಾರೀಖು ೧೯ ಆಗಸ್ಟ್ ೧೯೪೬

ಪ್ರೀತಿಯ ಯವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಎಣ್ಣೆ ತಿಕ್ಕಿಸಿಕೊಳ್ಳುತ್ತೀಯೋ, ನಾನಿಲ್ಲವೆಂದು ಹಾಗೇ ಬಿಟ್ಟಿದ್ದೀಯೋ? ತಾಯಣ್ಣನ ಕೈಲಿ ಬರೆಸಿದ ಕಾಗದ ಮುಟ್ಟಿತು. ಮೌನಪ್ಪಮಾವ ಊರಿಗೆ ಬಂದು ನಾನು ಬಸುರಿ ಎಂದು ಹೇಳಿದನಂತೆ. ಎಷ್ಟು ತಿಂಗಳು, ಹಸಿರು ಸೀರೆ ಯಾವಾಗ ಕಳಿಸಲಿ ಎಂದು ಕೇಳಿದ್ದೀಯ. ಅದನ್ನು ಕೊನೆಗೆ ಬರೆಯುತ್ತೇನೆ. ರೈಲು ಹೇಗಿತ್ತು ಎಂದೂ ಕೇಳಿದ್ದೀಯಲ್ಲ, ಮೊದಲು ಅದು.

ರಾಯಚೂರಿನಲ್ಲಿ ಹತ್ತಿದಾಗ ಬಿಸಿಲು ಇನ್ನೂ ಇತ್ತು. ಅವರು ನನ್ನನ್ನು ಕಿಟಕಿ ಪಕ್ಕ ಕೂಡಿಸಿದರು. ಸ್ವಲ್ಪ ಹೊತ್ತಿಗೆ ಕೃಷ್ಣೆ ಬಂದಳು. ಹೊಸ ನೀರು, ಕೆಂಪಗೆ, ದಂಡೆಯಿಂದ ದಂಡೆಗೆ. ಸೇತುವೆ ದಡದಡ ಅನ್ನುವಾಗ ಎಲ್ಲರೂ ಕೈಮುಗಿದರು. ನಾನು ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಕೂತೆ. ಬಾಗಲವಾಡದಲ್ಲಿ ಬಂಡಿ ಹತ್ತುವಾಗ ನೀನು ಕೇಳಿದ್ದೆ, “ಯಮನೀ, ಏನರ ಅದನೇನು? ಇದ್ದರ ಹೇಳು, ಬಸುರಾಗಿ ಹೊಳಿ ದಾಟಬಾರದು.” ತಾಯಣ್ಣ, ಬಂಡಿ ಹೊಡೆಯುವ ಗಡಿಗೆಪ್ಪ ಇಬ್ಬರೂ ಅಲ್ಲೇ ನಿಂತಿದ್ದರು. ಗಂಡಸರ ಮುಂದೆ ಹೇಗೆ ಹೇಳಲಿ? ಇಲ್ಲವೆಂದು ತಲೆಯಾಡಿಸಿದೆ.

ಬೆಳಿಗ್ಗೆ ಪುಣೆ ದಾಟಿದ ಮೇಲೆ ಬರೀ ಗುಡ್ಡ. ರೈಲು ಗುಡ್ಡದೊಳಗೇ ಹೊಕ್ಕು ಕತ್ತಲಾಗುತ್ತದೆ. ಹೊರಬಂದರೆ ಬಂಡೆಯ ಮೇಲಿಂದ ಬೆಳ್ಳಗೆ ನೀರು ಬೀಳುತ್ತಿರುತ್ತದೆ. ಮೋಡ ಕಿಟಕಿಯೊಳಗೆ ಬಂದು ಮುಖ ತೋಯಿಸಿತು. ಅಷ್ಟು ಹಸಿರನ್ನು ನಾನು ಎಂದೂ ನೋಡಿರಲಿಲ್ಲ. ಒಂದು ಗಳಿಗೆ ಹೆದರಿಕೆ ಮರೆತು, ಒಳಗಿನ ಕೂಸಿಗೆ ಮನಸ್ಸಿನಲ್ಲೇ ಎಲ್ಲ ತೋರಿಸಿದೆ. ಈಗ ಆ ಗಳಿಗೆಯೇ ನನ್ನನ್ನು ಹೆಚ್ಚು ಸುಡುತ್ತದೆ.

ಇಲ್ಲಿ ನಮಗೆ ಒಂದೇ ಖೋಲಿ. ಅವರು ಗಿರಣಿಗೆ ಹೋದರೆ ಸಂಜೆಯ ತನಕ ನನ್ನ ಸಂಗಡ ಮಾತಾಡುವವರಿಲ್ಲ. ಗೋಡೆ ನೋಡುತ್ತಾ ಕೂಡುತ್ತೇನೆ.

ನೀನು ಹೊಟ್ಟೆ ತುಂಬ ಉಣ್ಣು. ನೀಲಗಂಗಮ್ಮ ಅತ್ತಿಗೆಯನ್ನು ಕೇಳಿದೆನೆಂದು ಹೇಳು. ನಿನ್ನ ಪಾದಕ್ಕೆ ತಲೆಯಿಟ್ಟು,

ನಿನ್ನ ಮಗಳು
ಯಮನಮ್ಮ

ತಾಯಣ್ಣಾ, ಇಲ್ಲಿಂದ ಮುಂದೆ ನೀನು ಓದಬೇಡ. ನನ್ನ ಸಂಗಡ ನಾಲ್ಕನೇ ಕ್ಲಾಸಿನ ತನಕ ಓದಿದ ಹೀರಾಬಿಯ ಕೈಗೆ ಕೊಡು.

ಯವ್ವಾ, ತಿಂಗಳು ಎಣಿಸಬೇಡ. ಹೊಳೆ ದಾಟುವಾಗ ಮೂರಾಗಿತ್ತು. ಮೌನಪ್ಪಮಾವ ಇಲ್ಲಿಂದ ಹೊರಟ ಮರುದಿನವೇ ಎಲ್ಲ ಹೋಯಿತು. ರೈಲು ಕುಲುಕಿದ್ದಕ್ಕೆ ಹೀಗಾಯಿತು ಅಂತಾರೆ ಅವರು. ನೀನು ಕೇಳಿದ್ದು, ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಿಲ್ಲ. ಹಸಿರು ಸೀರೆ ಕಳಿಸಬೇಡ. ಹಬ್ಬಕ್ಕೂ ಕರೆಯಬೇಡ, ಮತ್ತೆ ಆ ಸೇತುವೆ ಮೇಲೆ ಬರಲು ನನ್ನಿಂದ ಆಗುವುದಿಲ್ಲ. ಹೀರಾ, ಇದನ್ನು ಓದುವಾಗ ಅವ್ವನ ಕೈ ಹಿಡಿದುಕೋ.