ನೂರು, ತೊಂಬತ್ತು, ಎಂಬತ್ತು

ಮಾರ್ಚ್ 7, ಬೆಳಿಗ್ಗೆ

ಪರೀಕ್ಷೆ ಮುಗಿಯಿತು. ಹತ್ತಕ್ಕೆ ಹತ್ತು.

ದಿನಕ್ಕೆ ಮೂರು ಸಲ ಇದೇ ಪ್ರಶ್ನೆಗಳು. ಯಾವ ವರ್ಷ, ಯಾವ ತಿಂಗಳು, ಇದು ಯಾವ ಊರು, ಯಾವ ಆಸ್ಪತ್ರೆ. ಆಮೇಲೆ ಸಿಸ್ಟರ್ ಪೆನ್ನು, ಗಡಿಯಾರ, ಚಮಚ ಎತ್ತಿ ತೋರಿಸುತ್ತಾರೆ. ಹೆಸರು ಹೇಳಬೇಕು. ಕಣ್ಣು ಮುಚ್ಚಿ ಎಂದರೆ ಮುಚ್ಚಬೇಕು. ನೂರರಿಂದ ಹತ್ತು ಹತ್ತು ಕಳೆಯುತ್ತಾ ಹಿಂದಕ್ಕೆ ಎಣಿಸಬೇಕು. ಕೊನೆಗೆ ಒಂದು ವಾಕ್ಯ ಬರೆಯಬೇಕು — ದಿನವೂ ಅದೇ ವಾಕ್ಯ, ಕೈಬರಹ ಕೆಟ್ಟರೆ ಗೊತ್ತಾಗಲಿ ಎಂದು. ಇವರು ಆರಿಸಿಕೊಂಡಿದ್ದು "ಇಲ್ಲಿ ವಾಹನ ನಿಲ್ಲಿಸಬಾರದು". ಬೋರ್ಡ್ ಬರೆಯುವ ಗಂಡನಿಗೆ ಇನ್ನೇನು ಹೊಳೆಯುತ್ತದೆ. ಸಿಸ್ಟರ್ ನಕ್ಕು ನಕ್ಕು ಸುಸ್ತಾದರು. ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಜ್ವರ ಇನ್ನೂ ಬಂದಿಲ್ಲ. ಬರಬೇಕಂತೆ. ಗಂಡನಿಗೆ ಜ್ವರ ಬರಲಿ ಎಂದು ಕಾಯುತ್ತಾ ಕೂತ ಹೆಂಡತಿ ನಾನೊಬ್ಬಳೇ ಇರಬೇಕು.

ಮಾರ್ಚ್ 7, ಸಂಜೆ

ಡಾಕ್ಟರಮ್ಮ ಇನ್ನೊಮ್ಮೆ ಬಿಡಿಸಿ ಹೇಳಿದರು. ನನಗಿಂತ ಚಿಕ್ಕವರು, ತಾಳ್ಮೆ ಮಾತ್ರ ನನ್ನದರ ಹತ್ತು ಪಟ್ಟು. ಇವರ ರಕ್ತದಿಂದಲೇ ಟಿ ಸೆಲ್ ಎಂಬ ಕಾವಲು ಸೆಲ್‌ಗಳನ್ನು ತೆಗೆದು, ಲ್ಯಾಬಿನಲ್ಲಿ ಕ್ಯಾನ್ಸರಿನ ಗುರುತು ಹಿಡಿಯಲು ಕಲಿಸಿ, ವಾಪಸು ಮೈಗೆ ಬಿಟ್ಟಿದ್ದಾರೆ. ಇಷ್ಟು ದಿನ ಕ್ಯಾನ್ಸರ್ ಎದುರಿಗೇ ಓಡಾಡಿದರೂ ನಮ್ಮವನೇ ಎಂದು ಬಿಟ್ಟು ಕಳಿಸುತ್ತಿದ್ದವಂತೆ. ಅಂದರೆ ನನ್ನ ಡ್ರೈವಿಂಗ್ ಸ್ಕೂಲಿನ ಹಾಗೇ, ಒಂದು ತಿಂಗಳ ಕೋರ್ಸ್, ಎಂದೆ. ಹೌದು, ಹೆಚ್ಚುಕಡಿಮೆ, ಎಂದರು.

ಕಲಿತ ಸೆಲ್ ಒಂದು ಕ್ಯಾನ್ಸರನ್ನು ಹಿಡಿದ ಕೂಡಲೇ ಏನೋ ರಾಸಾಯನಿಕ ಬಿಟ್ಟು ಉಳಿದವನ್ನು ಕೂಗುತ್ತದೆ. ಬಂದವು ಇನ್ನಷ್ಟನ್ನು ಕೂಗುತ್ತವೆ. ಆ ಕೂಗಾಟವೇ ಜ್ವರ. ಹದದಲ್ಲಿದ್ದರೆ ಅದೇ ಮದ್ದು. ಹದ ಮೀರಿದರೆ ಅದೇ ಕಾಯಿಲೆ. ಮಿದುಳಿಗೆ ತಟ್ಟಿದರೆ ಮೊದಲು ಹೋಗುವುದು ಮಾತು, ಲೆಕ್ಕ, ಬರಹ. ಅದಕ್ಕೇ ಈ ಪರೀಕ್ಷೆ. ಅಂಕ ಇಳಿದರೆ ಸ್ಟೆರಾಯ್ಡ್ ಕೊಟ್ಟು ಸೆಲ್‌ಗಳನ್ನು ಸುಮ್ಮನಾಗಿಸುತ್ತಾರೆ.

ಸುಮ್ಮನಾದರೆ ಕೆಲಸ ಯಾರು ಮಾಡುತ್ತಾರೆ ಎಂದು ಕೇಳಿದೆ. ಹಾಗೇನಿಲ್ಲ, ಬೇಕಾದಾಗ ಕೊಡಲೇಬೇಕು ಎಂದರು. ಆದರೆ ಹೇಳುವ ಮುಂಚೆ ಒಂದು ಕ್ಷಣ ತಡೆದರು. ಆ ತಡೆದಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ.

ಎರಡು ಸಲ ಕೀಮೋ ಆಯಿತು, ಎರಡು ಸಲವೂ ಕುತ್ತಿಗೆಯ ಗಂಟು ವಾಪಸು ಬಂತು. ಇದು ಬಿಟ್ಟರೆ ಬೇರೆ ಇಲ್ಲ.

ಮಾರ್ಚ್ 8

ಜ್ವರ ಬಂತು. 103. ನಡುಕ. ಖುಷಿ ಪಡಬೇಕೋ ಅಳಬೇಕೋ. ಎರಡೂ ಮಾಡಿದೆ, ಬಾತ್‌ರೂಮಿನಲ್ಲಿ.

ಪರೀಕ್ಷೆಯಲ್ಲಿ ಹತ್ತು. ಹಲ್ಲು ಕಟಕಟ ಎನ್ನುತ್ತಿದ್ದರೂ "ಇಲ್ಲಿ ವಾಹನ ನಿಲ್ಲಿಸಬಾರದು" ಸರಾಗವಾಗಿ ಬಂತು.

ಕಾಫಿ ಮೆಷಿನ್ ಹತ್ತಿರ ಎದುರು ರೂಮಿನ ರೋಗಿಯ ಅಣ್ಣ ಸಿಕ್ಕರು. ಮೊಬೈಲ್ ಅಂಗಡಿ ಇಟ್ಟವರು. ತಮ್ಮನಿಗೆ ಇದೇ ಚಿಕಿತ್ಸೆ ಮಾಡಿಸಿ, ಈಗ ಎರಡನೇ ಸಲ ಸೇರಿಸಿದ್ದಾರೆ. ಕಪ್ಪಿನೊಳಗೆ ನೋಡುತ್ತಲೇ ಹೇಳಿದರು: "ನಮ್ ತಮ್ಮಂಗೂ ಎಲ್ಲ ಚೆನ್ನಾಗೇ ಇತ್ತು ಮೇಡಂ. ಲೆಕ್ಕ ತಪ್ಪಿದ ಅಂತ ಸ್ಟೆರಾಯ್ಡ್ ಹಾಕಿದ್ರು. ಆಮೇಲೆ ಗಂಟು ವಾಪಸ್ ಬಂತು. ನೀವು ಸ್ವಲ್ಪ ನೋಡ್ಕೊಳ್ಳಿ."

ನೋಡ್ಕೊಳ್ಳಿ ಎಂದರೆ ಏನು ನೋಡಿಕೊಳ್ಳಲಿ?

ಮಾರ್ಚ್ 9, ಮಧ್ಯಾಹ್ನ

ಜ್ವರ ತಗ್ಗಿಸುವ ಇಂಜೆಕ್ಷನ್ ಕೊಟ್ಟಿದ್ದಾರೆ. 101ಕ್ಕೆ ಇಳಿದಿದೆ.

ಪರೀಕ್ಷೆಯಲ್ಲಿ... ಬರೆದುಬಿಡುತ್ತೇನೆ. ನೂರು, ತೊಂಬತ್ತು, ಎಂಬತ್ತು ಎಂದವರು ಎಪ್ಪತ್ತಕ್ಕೆ ನಿಂತರು. ನನ್ನ ಮುಖ ನೋಡಿದರು. ಕುರ್ಚಿಯ ಕೆಳಗೆ ನನ್ನ ಕಾಲು ತಾನಾಗಿ ನೆಲ ಒತ್ತಿತು, ಇಲ್ಲದ ಬ್ರೇಕು. ಸಿಸ್ಟರ್ ಹಾಳೆಯ ಕಡೆ ಬಗ್ಗಿದ್ದರು. ತುಟಿಯಲ್ಲೇ ಅರವತ್ತು ಎಂದೆ. ಅರವತ್ತು, ಐವತ್ತು ಎಂದು ಸಲೀಸಾಗಿ ಇಳಿದು ಹೋದರು. ಹತ್ತಕ್ಕೆ ಹತ್ತು.

ಸುಸ್ತು. ಅಷ್ಟೇ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲದವರು ಯಾರಾದರೂ ನಿಲ್ಲುತ್ತಾರೆ.

ಮಾರ್ಚ್ 10

ಬೆಳಿಗ್ಗೆಯಿಂದ ಪಾಠ.

ನನಗೆ ಬರುವ ವಿದ್ಯೆ ಇದೊಂದೇ. ನನ್ನ ಸ್ಕೂಲಿನಲ್ಲಿ ಟೆಸ್ಟಿಗೆ ಹೋದವರು ಫೇಲ್ ಆಗುವುದಿಲ್ಲ. ಮೂರನೇ ಕಂಬ ಕನ್ನಡಿಯಲ್ಲಿ ಕಂಡಾಗ ಸ್ಟೇರಿಂಗ್ ಒಂದು ಸುತ್ತು, ಬಿಳಿ ಗೆರೆ ಕಂಡಾಗ ವಾಪಸು — ರಿವರ್ಸ್ ಎಂದರೇನೆಂದು ತಿಳಿಯದವರೂ ಆ ಟ್ರ್ಯಾಕಿನಲ್ಲಿ ಪಾಸು. ಮರೆತರೆ ಬೇಲಿಯಾಚೆ ನಿಂತು ಕೆಮ್ಮುತ್ತೇನೆ. ಇವರಿಗೂ ಹಾಗೇ ಕಲಿಸಿದ್ದೆ. ಸ್ಕೂಲಿಗೆ ಬೋರ್ಡ್ ಬರೆಯಲು ಬಂದು ಲೈಸೆನ್ಸ್, ಹೆಂಡತಿ ಎರಡನ್ನೂ ಗಿಟ್ಟಿಸಿಕೊಂಡು ಹೋದೆ ಎಂದು ಈಗಲೂ ಹೇಳಿಕೊಂಡು ತಿರುಗುತ್ತಾರೆ.

ವರ್ಷ, ತಿಂಗಳು, ಊರು, ಆಸ್ಪತ್ರೆ. ಪೆನ್ನು, ಗಡಿಯಾರ, ಚಮಚ — ಸಿಸ್ಟರ್ ತೋರಿಸುವುದು ಇದೇ ಸರದಿಯಲ್ಲಿ. ಆಮೇಲೆ ಕಣ್ಣು ಮುಚ್ಚುವುದು. ಆಮೇಲೆ ನೂರು. ಊಟದ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ. ಇವರು ವಿಧೇಯ ಮಗುವಿನ ಹಾಗೆ ಒಪ್ಪಿಸಿದರು. ತಮಾಷೆ ಮಾಡಲಿಲ್ಲ. ಇವರು ತಮಾಷೆ ಮಾಡದಿದ್ದುದು ಈಗ ಬರೆಯುವಾಗ ಹೊಳೆಯುತ್ತಿದೆ.

ಮೂರು ಪರೀಕ್ಷೆಯಲ್ಲೂ ಹತ್ತು. ಡಾಕ್ಟರಮ್ಮನಿಗೆ ಸಮಾಧಾನ. ನನಗೂ.

ಮಾರ್ಚ್ 11, ಸಂಜೆ 5.40

ಮಧ್ಯಾಹ್ನದ ಪರೀಕ್ಷೆ — ಹತ್ತು. ಅದಾಗಿ ಸ್ವಲ್ಪ ಹೊತ್ತಿಗೆ ನಾದಿನಿ ಮನೆಯಲ್ಲಿ ಬಿಟ್ಟು ಬಂದ ಮಗಳು ಚಿಲ್ಟಿಯ ಫೋನ್. ಅಪ್ಪನ ಜೊತೆಯೇ ಮಾತಾಡಬೇಕೆಂದಳು. ಸ್ಪೀಕರ್ ಹಾಕಿ ಕೊಟ್ಟೆ.

"ಅಪ್ಪಾ, ಊಟ ಆಯ್ತಾ?"

"ಪೆನ್ನು, ಗಡಿಯಾರ, ಚಮಚ," ಎಂದರು ಇವರು.

ಅವಳು ಕಿಲಕಿಲ ನಕ್ಕಳು. ಯಾವಾಗ ಮನೆಗೆ ಬರ್ತೀಯಾ ಎಂದು ಕೇಳಿದಳು. ನೂರು, ತೊಂಬತ್ತು, ಎಂಬತ್ತು, ಎಂದರು. ಅವಳಿಗೆ ಆಟ. ಎಪ್ಪತ್ತು, ಅರವತ್ತು ಎಂದು ಜೊತೆ ಸೇರಿಸಿದಳು. ಅಪ್ಪ ಮಗಳು ಇಬ್ಬರೂ ಹತ್ತರವರೆಗೆ ಎಣಿಸಿದರು. ಅವಳು ಗೆದ್ದೆ ಎಂದಳು. ಇವರು ಮತ್ತೆ ನೂರರಿಂದ ಶುರು ಮಾಡಿದರು.

ಫೋನ್ ಕಸಿದುಕೊಂಡು ಅಪ್ಪನಿಗೆ ನಿದ್ದೆ ಬರುತ್ತಿದೆ ಎಂದೆ. ರೀ, ನಾನು ಯಾರು ಹೇಳಿ ಎಂದೆ. ಕಣ್ಣು ಮುಚ್ಚಿದರು. ಪಾಠದಲ್ಲಿ ಚಮಚ ಆದ ಮೇಲೆ ಬರುವುದು ಅದೇ.

ಹಾಗಾದರೆ ಈ ಎರಡು ದಿನದ ಹತ್ತು ಹತ್ತು ಇವರದಲ್ಲ. ನನ್ನದು.

ಹೇಳಬೇಕು. ಹೇಳಿದರೆ ಸ್ಟೆರಾಯ್ಡ್. ಸ್ಟೆರಾಯ್ಡ್ ಎಂದರೆ ಎದುರು ರೂಮು. ಹೇಳದಿದ್ದರೆ... ರಾತ್ರಿಯ ಪರೀಕ್ಷೆಯಲ್ಲೂ ಹತ್ತು ಬರುತ್ತದೆ. ನಾನು ಕಲಿಸಿದ್ದು ಮರೆಯುವಂಥದ್ದಲ್ಲ. ಉಸಿರು ನಿಲ್ಲುವವರೆಗೂ ಹತ್ತಕ್ಕೆ ಹತ್ತು ಬರುತ್ತದೆ.

ಹೋಗಿ ಹೇಳುತ್ತೇನೆ.

ಮಾರ್ಚ್ 11, ರಾತ್ರಿ

ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಓಡುತ್ತಲೇ ಬಂದರು. ಜೇಬಿನಿಂದ ಕೀ, ಕನ್ನಡಕ, ಬಾಚಣಿಗೆ ತೆಗೆದು ತೋರಿಸಿದರು. ಇವರು ಮೂರಕ್ಕೂ ಪೆನ್ನು, ಗಡಿಯಾರ, ಚಮಚ ಎಂದು ಹೇಳಿ, ಯಾರೂ ಕೇಳದೆಯೇ ಕಣ್ಣು ಮುಚ್ಚಿದರು. ನಿಮ್ಮ ಹೆಸರು ಬರೆಯಿರಿ ಎಂದು ಹಾಳೆ ಕೊಟ್ಟರೆ "ಇಲ್ಲಿ ವಾಹನ ನಿಲ್ಲಿಸಬಾರದು" ಎಂದು ಬರೆದರು. ಸಾವಿರ ಗೋಡೆಗೆ ಬರೆದ ವಾಕ್ಯ. ಅದಕ್ಕೆ ತಲೆ ಬೇಕಿಲ್ಲ, ಕೈ ಸಾಕು. ಅಷ್ಟು ಚೆಂದದ ಅಕ್ಷರ ನೋಡಿ ಹೆದರಿಕೆಯಾಯಿತು.

ಕಾರಿಡಾರಿನಲ್ಲಿ ಡಾಕ್ಟರಮ್ಮ ಒಂದೇ ಮಾತು ಹೇಳಿದರು: "ಇದು ಪಾಸ್ ಮಾಡ್ಸೋ ಪರೀಕ್ಷೆ ಅಲ್ಲಮ್ಮ. ಅವರು ತಪ್ಪಿದ ತಕ್ಷಣ ನಮಗೆ ಗೊತ್ತಾಗ್ಬೇಕು, ಅದಕ್ಕೇ ಇರೋದು."

ಸ್ಟೆರಾಯ್ಡ್ ಡ್ರಿಪ್ ಏರಿಸುವಷ್ಟರಲ್ಲಿ ಫಿಟ್ಸ್ ಬಂತು. ಮೈಯೆಲ್ಲ ಸೆಟೆದು... ಬರೆಯಲಾರೆ. ಐಸಿಯುಗೆ ಒಯ್ದರು.

ಮಾರ್ಚ್ 15

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ — ಗಾಜಿನ ಈಚೆ ನಾನು, ಆಚೆ ಇವರು, ನಡುವೆ ಮೆಷಿನ್ನಿನ ಬೀಪ್.

ನಾದಿನಿ ಬಟ್ಟೆ ತಂದಿದ್ದಳು. ಎಲ್ಲ ಹೇಳಿದೆ. ನನ್ನಣ್ಣನ ಜೀವದ ಜೊತೆ ಆಟ ಆಡಿಬಿಟ್ರಲ್ಲ ಅತ್ತಿಗೆ, ಎಂದಳು. ಬ್ಯಾಗು ಇಟ್ಟು ಹೋದಳು. ಸರಿಯಾಗಿಯೇ ಹೇಳಿದಳು, ಆದರೂ ಉರಿಯಿತು.

ಸಂಜೆ ಚಿಲ್ಟಿ ಫೋನ್ ಮಾಡಿದಳು. ಮೆಲ್ಲಗೆ ಕೇಳಿದಳು: "ಅಮ್ಮಾ, ನಾನು ಜೊತೇಲಿ ಎಣಿಸಿದ್ದಕ್ಕಾ ಅಪ್ಪಂಗೆ ಜಾಸ್ತಿ ಆಗಿದ್ದು?"

"ಇಲ್ಲ ಕಣೇ. ನೀನು ಫೋನ್ ಮಾಡಿದ್ದಕ್ಕೇ ನಂಗೆ ಗೊತ್ತಾಗಿದ್ದು."

ಅವಳಿಗೆ ನಂಬಿಕೆ ಬಂತೋ ಇಲ್ಲವೋ. ನನ್ನ ತಪ್ಪನ್ನು ಒಂಬತ್ತು ವರ್ಷದ ಮಗು ಹೊತ್ತುಕೊಂಡು ಮಲಗುತ್ತಿದೆ. ಇದನ್ನು ಮಾತ್ರ ನನಗೆ ತಡೆಯಲಾಗುತ್ತಿಲ್ಲ.

ಮಾರ್ಚ್ 17

ಮಿದುಳಿನ ಊತ ಇಳಿಯುತ್ತಿದೆ. ಫಿಟ್ಸ್ ಮತ್ತೆ ಬಂದಿಲ್ಲ. ಕಣ್ಣು ಬಿಟ್ಟಿದ್ದಾರೆ. ಮಾತಿಲ್ಲ. ಕಿಟಕಿ ನೋಡುವ ಹಾಗೇ ನನ್ನನ್ನೂ ನೋಡುತ್ತಾರೆ.

ಡಾಕ್ಟರಮ್ಮ ರಕ್ತದ ರಿಪೋರ್ಟ್ ತಂದರು. ಕಲಿತ ಸೆಲ್‌ಗಳು ಸತ್ತಿಲ್ಲ. ಸ್ಟೆರಾಯ್ಡ್ ಆದ ಮೇಲೂ ಇವೆ, ಎಣಿಕೆ ಏರಿದೆ, ಕುತ್ತಿಗೆಯ ಗಂಟು ಕೈಗೆ ಸಿಗದಷ್ಟು ಕರಗಿದೆ. ಕೂಗಾಟ ನಿಂತಿದೆ, ಕೆಲಸ ನಡೆದಿದೆ. ಎದುರು ರೂಮಿನವರ ಕಾಯಿಲೆಯ ಜಾತಿಯೇ ಬೇರೆಯಂತೆ.

ಅಂದರೆ ನಾನು ಹೆದರಿದ್ದು ಯಾವುದಕ್ಕೋ ಅದು ಆಗಲೇ ಇಲ್ಲ. ಆಗಿದ್ದು ನಾನು ಹೆದರಿದ್ದರಿಂದ.

ಮಾತು ಬರುತ್ತದಾ ಎಂದು ಕೇಳಿದೆ. ಹೆಚ್ಚಿನವರಿಗೆ ಪೂರ್ತಿ ಬರುತ್ತದೆ. ಸ್ಟೆರಾಯ್ಡ್ ತಡವಾಗಿ ಶುರು ಮಾಡಿದ್ದರಿಂದ ಇವರ ವಿಷಯದಲ್ಲಿ ಈಗಲೇ ಹೇಳಲಾರೆ ಎಂದರು. ಈ ಸಲ ತಡೆಯದೆ ಹೇಳಿದರು.

ಮಾರ್ಚ್ 19, ಬೆಳಿಗ್ಗೆ

ರೂಮಿಗೆ ತಂದಿದ್ದಾರೆ. ಪರೀಕ್ಷೆಯ ಹೊತ್ತಿಗೆ ನಾನು ಹೊರಗಿರಬೇಕೆಂದು ನಿಯಮವಾಗಿತ್ತು. ಇವತ್ತು ಸಿಸ್ಟರ್ ಒಳಗೇ ಕೂರಿ ಎಂದರು, ಒಂದು ಷರತ್ತು — ಬಾಯಿ, ಕಣ್ಣು, ಕೈ ಯಾವುದೂ ಮಾತಾಡಬಾರದು. ಅದಕ್ಕೇ ತಲೆ ತಗ್ಗಿಸಿ ಬರೆಯುತ್ತಾ ಕೂತಿದ್ದೇನೆ.

ತಿಂಗಳು ಕೇಳಿದರು. ಉತ್ತರ ಇಲ್ಲ.

ಊರು. ಇಲ್ಲ.

ಏನೋ ಎತ್ತಿ ತೋರಿಸಿದರು. ನಾನು ನೋಡಲಿಲ್ಲ. "ಬಾ... ಬಾಚಣಿಗೆ." ಇವರೇ ಹೇಳಿದ್ದು. ಗಂಟಲು ಒಡೆದಿದೆ, ಆದರೆ ಇವರದೇ ದನಿ. ಯಾರೂ ಕಲಿಸಿರಲಿಲ್ಲ. ಅಕ್ಷರದ ಮೇಲೆ ಕಣ್ಣೀರು ಬಿತ್ತು, ಇರಲಿ.

ಈಗ ಸಿಸ್ಟರ್ ಕೇಳುತ್ತಿದ್ದಾರೆ — ಅಲ್ಲಿ ಕೂತಿದ್ದಾರಲ್ಲ, ಅವರು ಯಾರು?

ತಲೆ ಎತ್ತುವುದಿಲ್ಲ. ಎತ್ತಿದರೆ ನನ್ನ ಮುಖವೇ ಹೇಳಿಕೊಟ್ಟುಬಿಡುತ್ತದೆ. ತಡವಾಗುತ್ತಿದೆ. ತಡವಾಗಲಿ. ಹಾಸಿಗೆ ಕಿರ್ ಎಂದಿತು, ಈ ಕಡೆ ಹೊರಳುತ್ತಿದ್ದಾರೆ. ಉಸಿರು ಎಳೆದುಕೊಂಡರು, ಏನೋ ಹೇಳಲು —