ಆ ಹಾಡು ಯಾರಿಗೆ

೧೨ ಮಾರ್ಚ್ ೧೯೮೭, ಗುರುವಾರ. ಲಾಸ್ ಏಂಜಲಿಸ್.

ರೇಡಿಯೊದವನು ಕೇಳಿದ, "ಊರೆಲ್ಲ ಗುನುಗ್ತಿರೋ ಈ ಹಾಡು ಯಾರಿಗೆ ಬರೆದಿದ್ದು ಗುರು?"

"ಇನ್ನೂ ಸಿಗದ ಹುಡುಗಿಗೆ" ಎಂದೆ, ಹೆಂಡತಿ ಡಾರ್ಲಾಳ ಕಾಡಿಗೆ, ಡಾರ್ಲಾಳ ಲಿಪ್‌ಸ್ಟಿಕ್ ಹಚ್ಚಿಕೊಂಡು ಕೂತು. ಗಂಡಸರೇ ಮೇಕಪ್ಪು ಮಾಡ್ಕೊಂಡು ಹಾಡುವ ನಮ್ಮ ಮೆಟಲ್ ಬ್ಯಾಂಡಿನಲ್ಲಿ ಯಾರಿಗೂ ಹೆಂಡತಿ ಇಲ್ಲ ಎಂದೇ ಹೇಳಬೇಕು, ರೆಕಾರ್ಡ್ ಕಂಪನಿಯ ಅಪ್ಪಣೆ. ನಗುನಗುತ್ತ ಹೇಳೆಂದು ಯಾರೂ ಅಪ್ಪಣೆ ಮಾಡಿರಲಿಲ್ಲ.

ಮಗು ಉಳಿಯದ ವಾರ, ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ಕಟ್ಟಿದ ಹಾಡದು.

ಮನೆಗೆ ಬಂದರೆ ನನ್ನ ಚರ್ಮದ ಜಾಕೆಟ್ಟಿಗೆ ಬೆನ್ನ ಹಿಂದೆ ಬಿಗಿಯುವ ಲೇಸುದಾರ ಪೋಣಿಸುತ್ತಿದ್ದಳು. ಪಕ್ಕದಲ್ಲಿ ರೇಡಿಯೊ, ಅದೇ ಸ್ಟೇಷನ್ನು.

"ಆ ಹುಡುಗಿ ಸಿಕ್ಕಿದ್ರೆ ಕರ್ಕೊಂಡ್ ಬಾ. ಈ ಲೇಸು ಬಿಗಿಯೋದು ಹೇಳ್ಕೊಡ್ತೀನಿ" ಎಂದಳು, ತಲೆಯೆತ್ತದೆ.

ನಾಳೆ ಷೋ. ಅದನ್ನು ಬಿಗಿದುಕೊಳ್ಳಲು ನನ್ನ ಕೈಲಾಗದು. ಅವಳ ಮುಂದೆಯೇ ನಿಲ್ಲಬೇಕು. ಬೆನ್ನು ತಿರುಗಿಸಿ ನಿಂತರೆ ಸಾಕು, ಮುಖ ತೋರಿಸಬೇಕಾಗಿಲ್ಲ ಎಂದು ಒಳಗೊಳಗೇ ನೆಮ್ಮದಿಯಾಗುತ್ತಿದೆ, ಥೂ.